ಬಿದಿರು ಬುಟ್ಟಿಗೆ ಕಂಪ್ಯೂಟರ್ ವಿನ್ಯಾಸ, ಲೇಸರ್, ತ್ರೀಡಿ ಪ್ರಿಂಟರ್: ಎಲ್ಲಿ ಬೇಕು, ಎಲ್ಲಿ ಬೇಡ?

ಬಿದಿರುಮೆಳೆ (ಚರ್ಚೆ ಆರಂಭಿಸಿದವರು)

ನಮ್ಮದು ಮೈಸೂರಿನ ಮೇದಾರ ಕುಟುಂಬ. ಅಪ್ಪ, ದೊಡ್ಡಪ್ಪ ಇಬ್ಬರೂ ಈಗಲೂ ಮೊರ, ಮಂಕರಿ, ತೊಟ್ಟಿಲು ಹೆಣೆಯುತ್ತಾರೆ. ನಾನು ಓದಿದ್ದು ಉತ್ಪನ್ನ ವಿನ್ಯಾಸ. ಕಂಪ್ಯೂಟರ್‌ನಲ್ಲಿ ವಸ್ತುಗಳ ನಕ್ಷೆ ಬರೆಯುವುದು ನನ್ನ ಉದ್ಯೋಗ. ಹೆಣಿಗೆ ಬಲ್ಲವರು, ಯಂತ್ರ ಬಲ್ಲವರು ಇಬ್ಬರೂ ಇಲ್ಲಿ ಮಾತಾಡಬೇಕೆಂದು ನನ್ನ ಕೋರಿಕೆ.

ಈಚೆಗೆ ನಮಗೆ ಬರುವ ಬೇಡಿಕೆಯೇ ಬದಲಾಗಿದೆ. ಮೊರ, ಕುಕ್ಕೆ ಕೇಳುವವರು ಕಡಿಮೆಯಾಗಿ, ಹೋಟೆಲುಗಳಿಗೂ ಮನೆಗಳ ಒಳಾಂಗಣಕ್ಕೂ ಲ್ಯಾಂಪ್‌ಶೇಡ್ ಕೇಳುವವರು ಹೆಚ್ಚಾಗಿದ್ದಾರೆ. ಅಷ್ಟೂ ಒಂದೇ ಅಳತೆಯಲ್ಲಿರಬೇಕು, ಒಳಗಿನ ಕಬ್ಬಿಣದ ಬಳೆ ಪ್ರತಿಯೊಂದರಲ್ಲೂ ಸರಿಯಾಗಿ ಕೂರಬೇಕು ಎಂಬುದು ಅವರ ಷರತ್ತು. ಕಣ್ಣಳತೆಯಲ್ಲಿ ಹೆಣೆದ ಬುಟ್ಟಿಗಳಲ್ಲಿ ಬೆರಳಗಲ ಹೆಚ್ಚುಕಡಿಮೆಯಾಗುವುದು ಸಹಜ. ಸಂತೆಗೆ ಹೋಗುವ ಮಂಕರಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೇಡ್ ಆದರೆ ವಾಪಸ್ ಬರುತ್ತದೆ.

ಅದಕ್ಕಾಗಿ ಅಚ್ಚು ಮಾಡಿದೆ. ಬ್ಲೆಂಡರ್ ತಂತ್ರಾಂಶದಲ್ಲಿ ಆಕಾರ ಬರೆದು, ಅದನ್ನು ಅಡ್ಡ ಉದ್ದ ಹೋಳುಗಳಾಗಿ ವಿಂಗಡಿಸಿ, ಹೋಳುಗಳನ್ನು ಪ್ಲೈವುಡ್‌ನಲ್ಲಿ ಲೇಸರ್‌ನಿಂದ ಕತ್ತರಿಸಿ ಒಂದರೊಳಗೊಂದು ಸಿಕ್ಕಿಸಿದರೆ ಬುಟ್ಟಿಯ ಒಳಮೈ ಸಿದ್ಧ. ಅಪ್ಪ ಅದರ ಮೇಲೆ ಸೀಳಿದ ಬಿದಿರಿನ ದಬ್ಬೆ ಹಾಯಿಸಿ ಹೆಣೆಯುತ್ತಾರೆ. ಮೊದಮೊದಲು ಗೊಣಗಿದರು. ಈಗ ಅಚ್ಚಿಲ್ಲದೆ ಶೇಡ್ ಮುಟ್ಟುವುದಿಲ್ಲ.

ಭಿನ್ನಾಭಿಪ್ರಾಯ ಬಂದಿರುವುದು ಮುಂದಿನ ಹೆಜ್ಜೆಯಲ್ಲಿ. ಲೇಸರ್ ಇರುವ ಕಾರ್ಯಾಗಾರದ ಗೆಳೆಯರು ದಬ್ಬೆಗಳನ್ನೂ ಯಂತ್ರದಲ್ಲೇ ಕತ್ತರಿಸೋಣ, ಸಮಯ ಉಳಿಯುತ್ತದೆ ಎನ್ನುತ್ತಿದ್ದಾರೆ. ನಾನು ಒಪ್ಪುತ್ತಿಲ್ಲ. ಅಪ್ಪ ಬಿದಿರು ಸೀಳುವುದನ್ನು ಹತ್ತಿರ ಕುಳಿತು ನೋಡಿದರೆ ಕಾರಣ ತಿಳಿಯುತ್ತದೆ. ಗಳದ ತುದಿಗೆ ಕತ್ತಿಯಿಟ್ಟು ಒಂದು ಏಟು ಹಾಕುತ್ತಾರೆ. ಅಲ್ಲಿಂದ ಮುಂದೆ ಕತ್ತಿ ಕತ್ತರಿಸುವುದಿಲ್ಲ, ಬಿರುಕನ್ನು ತಳ್ಳಿಕೊಂಡು ಹೋಗುತ್ತದೆ. ಬಿರುಕು ಒಂದು ಕಡೆಗೆ ವಾಲಿ ಆ ಬದಿ ತೆಳ್ಳಗಾಗತೊಡಗಿದರೆ, ದಪ್ಪ ಉಳಿದ ಭಾಗವನ್ನು ಒತ್ತಿ ಹೆಚ್ಚು ಬಗ್ಗಿಸುತ್ತಾರೆ. ಬಿರುಕು ಮತ್ತೆ ನಡುವಿಗೆ ಬರುತ್ತದೆ. ಹೀಗೆ ಸೀಳಿದ ದಬ್ಬೆಯಲ್ಲಿ ನಾರು ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಉಳಿದಿರುತ್ತದೆ. ಲೇಸರ್ ಹೋಗುವುದು ನಾವು ಹಾಕಿಕೊಟ್ಟ ಗೆರೆಯಲ್ಲಿ. ಬಿದಿರಿನ ನಾರಾದರೋ ಗಿಣ್ಣಿನ ಬಳಿ ಓರೆಯಾಗುತ್ತದೆ. ಗೆರೆ ಎಲ್ಲಿ ನಾರನ್ನು ಕಡಿಯುತ್ತದೋ ಅಲ್ಲೇ, ಬಗ್ಗಿಸಿದ ಕೂಡಲೇ, ದಬ್ಬೆ ಚಕ್ಕೆ ಏಳುತ್ತದೆ. ಅಂಚು ಸುಟ್ಟು ಕಪ್ಪಾಗುವುದು ಬೇರೆ.

ಅಚ್ಚು, ಲೆಕ್ಕ, ನಕ್ಷೆ ಯಂತ್ರದ ಪಾಲಿಗಿರಲಿ, ದಬ್ಬೆ ಕೈಯ ಪಾಲಿಗಿರಲಿ ಎಂಬುದು ನನ್ನ ನಿಲುವು. ಒಪ್ಪದವರು ಕಾರಣ ಹೇಳಿ.

ದೂರದೂರು

ಬಿದಿರುಮೆಳೆ ಅವರೇ, ನಾನು ಸ್ವಿಟ್ಜರ್ಲೆಂಡ್‌ನಲ್ಲಿರುವ ಕನ್ನಡಿಗ, ತ್ರೀಡಿ ಪ್ರಿಂಟರ್‌ಗಳ ಜೊತೆ ಕೆಲಸ. ಈ ದಿಕ್ಕಿನಲ್ಲಿ ಹೊರಗೆ ನಡೆದಿರುವ ಎರಡು ಕೆಲಸಗಳನ್ನು ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದ್ದ ಅಮಿತ್ ಝೋರಾನ್ 2013ರಲ್ಲಿ ಪ್ರಿಂಟರ್ ಮತ್ತು ಕೈಹೆಣಿಗೆಯನ್ನು ಒಂದೇ ಬುಟ್ಟಿಯಲ್ಲಿ ಸೇರಿಸಿ ತೋರಿಸಿದರು. ಬುಟ್ಟಿಯ ಚೌಕಟ್ಟನ್ನು ಪ್ರಿಂಟರ್ ಮುದ್ರಿಸುತ್ತದೆ, ಆ ಚೌಕಟ್ಟಿನೊಳಗೆ ಕೈ ಹೆಣೆಯುತ್ತಾ ಹೋಗುತ್ತದೆ. ನಿಮ್ಮ ಅಚ್ಚನ್ನು ಕೊನೆಗೆ ತೆಗೆದುಬಿಡುತ್ತೀರಿ. ಅವರದು ಬುಟ್ಟಿಯಲ್ಲೇ ಉಳಿಯುತ್ತದೆ.

ಇನ್ನೊಂದು ಇಲ್ಲೇ, ಲೊಸಾನ್‌ನ ಇಪಿಎಫ್‌ಎಲ್ ತಾಂತ್ರಿಕ ಸಂಸ್ಥೆಯಲ್ಲಿ ನಡೆದದ್ದು. ಅಲ್ಲಿನ ಸಂಶೋಧಕರು ಹೆಣಿಗೆ ಕಲಾವಿದೆ ಆಲಿಸನ್ ಮಾರ್ಟಿನ್ ಅವರ ಜೊತೆ ಸೇರಿ 2021ರಲ್ಲಿ ಪ್ರಕಟಿಸಿದ ಕೆಲಸ. ನೇರ ಪಟ್ಟಿಗಳಿಂದ ಮೂರು ದಿಕ್ಕಿನ ಹೆಣಿಗೆ ಹೆಣೆದರೆ ಉಬ್ಬು ತಗ್ಗುಗಳು ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಾತ್ರ ಬರುತ್ತವೆ, ಮೈ ಅಲ್ಲಲ್ಲಿ ಮೂಲೆಮೂಲೆಯಾಗಿ ಕಾಣುತ್ತದೆ. ಪಟ್ಟಿಯನ್ನೇ ಮೊದಲು ಬಾಗಿದ ಗೆರೆಯಲ್ಲಿ ಕತ್ತರಿಸಿಕೊಂಡರೆ ನುಣುಪಾದ ಗೋಳ, ನುಣುಪಾದ ಕುದುರೆ ಜೀನಿನ ಆಕಾರ ಎಲ್ಲವೂ ಸಾಧ್ಯ. ಯಾವ ಪಟ್ಟಿ ಎಲ್ಲಿ ಎಷ್ಟು ಬಾಗಬೇಕೆಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೀಗಿರುವಾಗ ಯಂತ್ರ ದಬ್ಬೆಯನ್ನು ಮುಟ್ಟಲೇಬಾರದು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಬಿದಿರುಮೆಳೆ

ದೂರದೂರು ಅವರೇ, ಆ ಕೆಲಸದ ಚಿತ್ರಗಳನ್ನು ನೋಡಿ ನಾನೂ ಬೆರಗಾಗಿದ್ದೇನೆ. ಆದರೆ ಅಲ್ಲಿನ ಪ್ಲಾಸ್ಟಿಕ್ ಪಟ್ಟಿಗೆ ನಾರಿನ ದಿಕ್ಕು ಎಂಬುದಿಲ್ಲ, ಹೇಗೆ ಕತ್ತರಿಸಿದರೂ ಒಂದೇ ಬಲ. ಬಿದಿರನ್ನು ಬಾಗಿದ ಗೆರೆಯಲ್ಲಿ ಕತ್ತರಿಸಿದರೆ ಉದ್ದಕ್ಕೂ ನಾರು ಕಡಿಯುತ್ತಾ ಹೋಗುತ್ತೀರಿ. ಬಿದಿರಿನ ಬಲವೆಲ್ಲ ಉದ್ದುದ್ದ ಹೋಗುವ ನಾರಿನಲ್ಲಿದೆ. ಅಡ್ಡಕ್ಕೆ ಅದನ್ನು ಹಿಡಿದಿಡುವುದು ಬಹಳ ಕಡಿಮೆ. ಪ್ಲಾಸ್ಟಿಕ್‌ಗೆ ಸರಿಯಾದ ಉಪಾಯ ಬಿದಿರಿಗೂ ಸರಿಹೋಗುತ್ತದೆಂದು ಹೇಳಲಾಗದು.

ಲೆಕ್ಕದ ಮೇಷ್ಟ್ರು

ಇಬ್ಬರ ಮಾತಿನ ನಡುವೆ ಒಂದು ಸಂಗತಿ ಬಿಟ್ಟುಹೋಗುತ್ತಿದೆ. ನೇರ ದಬ್ಬೆಯಿಂದಲೇ ಉಬ್ಬು ತರುವ ವಿದ್ಯೆ ಹೆಣಿಗೆಯವರಿಗೆ ಮೊದಲಿನಿಂದಲೂ ಗೊತ್ತು. ಅದರ ಗಣಿತ ಬಹಳ ಸೊಗಸಾಗಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋಳಿ ಮುಚ್ಚುವ ಬುಟ್ಟಿಯಲ್ಲಿ ಆರು ಮೂಲೆಯ ಕಣ್ಣುಗಳನ್ನು ನೋಡಿರುತ್ತೀರಿ. ಮೂರು ದಿಕ್ಕಿನ ದಬ್ಬೆಗಳು ಒಂದನ್ನೊಂದು ಹಾಯುವಾಗ ನಡುವೆ ಉಳಿಯುವ ಕಿಂಡಿ ಅದು. ಎಲ್ಲ ಕಣ್ಣುಗಳೂ ಆರು ಮೂಲೆಯವೇ ಆದರೆ ಹೆಣಿಗೆ ತಟ್ಟಿಯ ಹಾಗೆ ಚಪ್ಪಟೆಯಾಗಿರುತ್ತದೆ. ಒಂದು ಕಡೆ ಆರರ ಬದಲು ಐದು ದಬ್ಬೆಯಿಂದ ಕಣ್ಣು ಕಟ್ಟಿ. ಅಲ್ಲಿ ಮೈ ಗುಬ್ಬಟೆಯಾಗಿ ಏಳುತ್ತದೆ. ಏಳು ದಬ್ಬೆಯಿಂದ ಕಟ್ಟಿದರೆ ಜೀನಿನ ಆಕಾರಕ್ಕೆ ತಿರುಗುತ್ತದೆ. ಪ್ರತಿ ಐದುಮೂಲೆ ಕಣ್ಣು 60 ಡಿಗ್ರಿಯಷ್ಟು ಜಾಗ ತೆಗೆದುಹಾಕುತ್ತದೆ. ಆರುಕಣ್ಣಿನ ಬುಟ್ಟಿಯ ಚಪ್ಪಟೆ ತಳದಿಂದ ನೇರ ಗೋಡೆ ಏಳಬೇಕಾದರೆ ಇಂಥ ಆರು ಕಣ್ಣುಗಳು ಬೇಕು, 6 ಸಲ 60 ಎಂದರೆ 360. ಈ ಬಗೆಯ ಬುಟ್ಟಿಯ ತಳ ತಿರುಗಿಸಿ ನೋಡಿ, ಆರು ಮೂಲೆಗಳಲ್ಲೂ ಐದರ ಕಣ್ಣು ಕಾಣುತ್ತದೆ. ಪೂರ್ತಿ ಚೆಂಡು ಮುಚ್ಚಲು 12 ಬೇಕು. ಏಳರ ಕಣ್ಣು ಇಲ್ಲದಿದ್ದರೆ, ಆರರ ಕಣ್ಣುಗಳು ಎಷ್ಟೇ ಇರಲಿ, ಐದರ ಕಣ್ಣುಗಳ ಲೆಕ್ಕ 12 ದಾಟುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆಗ್ನೇಯ ಏಷ್ಯಾದವರು ಸೆಪಾಕ್ ತಕ್ರಾವ್ ಆಡುವ ಹೆಣೆದ ಚೆಂಡಿನಲ್ಲಿ 12 ಕಿಂಡಿ, 20 ಹಾಯುವಿಕೆ ಇರುವುದು ಇದೇ ಲೆಕ್ಕದಿಂದ.

ಹಾಗಾಗಿ ಕಂಪ್ಯೂಟರ್‌ಗೆ ಇಲ್ಲಿ ನಿಜವಾದ ಕೆಲಸವಿದೆ. ನಿಮಗೆ ಬೇಕಾದ ಆಕಾರಕ್ಕೆ ಐದರ ಕಣ್ಣು ಎಲ್ಲೆಲ್ಲಿ, ಏಳರ ಕಣ್ಣು ಎಲ್ಲೆಲ್ಲಿ ಬರಬೇಕೆಂದು ಅದು ಹುಡುಕಿಕೊಡಲಿ. ದಬ್ಬೆ ನೇರವಾಗಿಯೇ ಇರಲಿ, ಕತ್ತಿಯಿಂದಲೇ ಸೀಳಿ.

ದಪ್ಪದ ಬಗ್ಗೆ ಒಂದು ಮಾತು: ದಬ್ಬೆಯ ದಪ್ಪ ಅರ್ಧಕ್ಕಿಳಿಸಿದರೆ ಬಗ್ಗಿಸಲು ಬೇಕಾದ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಸುತ್ತಿನ ತಳಕ್ಕೆ ದಬ್ಬೆಯನ್ನು ಮತ್ತೊಮ್ಮೆ ಸೀಳಿ ತೆಳುಮಾಡುವುದು ಸುಮ್ಮನೆ ಬಂದ ರೂಢಿಯಲ್ಲ.

ಹಳೇಕತ್ತಿ

ನಾನು ಶಿವಮೊಗ್ಗ ಕಡೆಯವನು. ಬಾಲ್ಯದಿಂದ ಇದೇ ಕಸುಬು. ನಾನು ಹೇಳಿದ್ದನ್ನು ಮೊಮ್ಮಗಳು ಬರೆಯುತ್ತಿದ್ದಾಳೆ.

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಾವು ಡಿಗ್ರಿ ಎಣಿಸುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಕಂಪ್ಯೂಟರ್‌ನವರಿಗೆ ನಾನು ಎರಡು ಮಾತು ಹೇಳಬೇಕು. ಸುತ್ತು ಬುಟ್ಟಿಗೆ ನಿಲ್ಲುವ ದಬ್ಬೆಗಳು ಬೆಸ ಲೆಕ್ಕದಲ್ಲಿರಬೇಕು. ಸಮ ಲೆಕ್ಕದಲ್ಲಿಟ್ಟು ಒಂದೇ ಎಳೆ ಸುತ್ತಿದರೆ ಎರಡನೇ ಸುತ್ತಿನಲ್ಲೂ ಎಳೆ ಅದೇ ದಬ್ಬೆಯ ಮೇಲೆ, ಅದೇ ದಬ್ಬೆಯ ಕೆಳಗೆ ಹೋಗುತ್ತದೆ, ಹೆಣಿಗೆ ಕೂರುವುದಿಲ್ಲ. ಬೆಸ ಇದ್ದರೆ ಸುತ್ತು ಸುತ್ತಿಗೂ ಅದಲುಬದಲಾಗುತ್ತದೆ. ಸಮವೇ ಬೇಕೆಂದರೆ ಎರಡು ಎಳೆ ಹಿಡಿದು ಹೆಣೆಯಬೇಕು. ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ ಒಂದು ಚಿತ್ರದಲ್ಲಿ ಕಂಪ್ಯೂಟರ್ ಬರೆದ ಬುಟ್ಟಿಗೆ ಸಮ ಲೆಕ್ಕದ ದಬ್ಬೆಗಳಿದ್ದವು, ಒಂದೇ ಎಳೆ ಸುತ್ತಿತ್ತು. ಅದನ್ನು ಯಾರೂ ಹೆಣೆಯಲಾರರು.

ಎರಡನೆಯದು ಒಣಗುವುದು. ಹಸಿ ದಬ್ಬೆ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಎಳೆಗಳ ನಡುವೆ ಸಂದು ಬೀಳುತ್ತದೆ. ಅದಕ್ಕೇ ಸುತ್ತುಗಳನ್ನು ತಟ್ಟಿ ತಟ್ಟಿ ಕೂರಿಸಿ, ಒಂದಷ್ಟು ಒಣಗಿದ ಮೇಲೆ ಮತ್ತೆ ಒತ್ತಿ, ಆಮೇಲೆ ಅಂಚು ಕಟ್ಟುತ್ತೇವೆ. ಮಗಳೇ, ನಿನ್ನ ಅಚ್ಚಿನ ಮೇಲೆ ಹೆಣೆದದ್ದನ್ನು ಅಂದೇ ತೆಗೆಯುತ್ತೀಯೋ, ಒಣಗಲು ಬಿಡುತ್ತೀಯೋ?

ಅಂಗಡಿಬೀದಿ

ನಾನು ಬುಟ್ಟಿ ಮಾರುವವನು. ಗಿರಾಕಿ ಎರಡು ಶೇಡ್ ಪಕ್ಕಪಕ್ಕ ಹಿಡಿದು ನೋಡುತ್ತಾನೆ. ಅಳತೆ ಒಂದೇ ಇರಬೇಕು, ಹೆಣಿಗೆ ಮಾತ್ರ ಕೈಯದೆಂದು ಕಾಣಬೇಕು. ಎರಡೂ ಇದ್ದರೆ ಬೆಲೆ ಚೌಕಾಸಿ ಮಾಡುವುದಿಲ್ಲ. ಅಚ್ಚಿನ ಉಪಾಯಕ್ಕೆ ನನ್ನ ಮತ.

ಕಡಲತಡಿ

ಉಡುಪಿಯಿಂದ. ಇಲ್ಲಿಯವರೆಗೆ ಎಲ್ಲರೂ ಬಿದಿರಿನ ದಬ್ಬೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕರಾವಳಿಯಲ್ಲಿ ಕೊರಗರು ಕಾಡುಬಳ್ಳಿಯಿಂದ ಬುಟ್ಟಿ ಹೆಣೆಯುತ್ತಾರೆ. ಬಳ್ಳಿ ದಬ್ಬೆಯಂತಲ್ಲ, ಒಂದೊಂದೂ ಒಂದೊಂದು ದಪ್ಪ, ಬುಡ ದಪ್ಪ, ತುದಿ ಸಪೂರ, ನಡುವೆ ತಿರುಚಿಕೊಂಡಿರುತ್ತದೆ. ಹೆಣೆಯುವವರು ಬಳ್ಳಿ ಕೈಗೆ ತೆಗೆದುಕೊಂಡ ಮೇಲೆಯೇ ಅದನ್ನು ಎಲ್ಲಿ ಹಾಕುವುದೆಂದು ನಿರ್ಧರಿಸುತ್ತಾರೆ. ಮೊದಲೇ ನಕ್ಷೆ ಬರೆದು ಕೈಗೆ ಕೊಡುವ ಕ್ರಮ ಇಲ್ಲಿ ನಡೆಯುವುದಿಲ್ಲ.

ಇಂಥಲ್ಲಿ ಕಂಪ್ಯೂಟರ್ ಹೆಣಿಗೆಯ ನಂತರ ಬರಬೇಕು ಎಂಬುದು ನನ್ನ ಅಭಿಪ್ರಾಯ. ಮೊಬೈಲ್ ಹಿಡಿದು ಬುಟ್ಟಿಯ ಸುತ್ತ ಹತ್ತಾರು ಫೋಟೊ ತೆಗೆದರೆ ಅದರ ತ್ರೀಡಿ ರೂಪ ಕಟ್ಟುವ ತಂತ್ರಾಂಶಗಳಿವೆ. ಒಬ್ಬ ಹಿರಿಯ ಅಜ್ಜಿ ಹೆಣೆದ ಕುರ್ವೆಯ (ಬುಟ್ಟಿಯ) ತಳ ಹೇಗೆ ಆರಂಭವಾಗಿದೆ, ಅಂಚು ಹೇಗೆ ಮುಗಿದಿದೆ ಎಂಬುದನ್ನು ಮುಂದಿನ ಹುಡುಗಿಯರು ತಿರುಗಿಸಿ ತಿರುಗಿಸಿ ನೋಡಿ ಕಲಿಯಬಹುದು. ಒಂದು ಷರತ್ತು: ಆ ದಾಖಲೆ ಹೆಣೆದವರ ಒಪ್ಪಿಗೆಯಿಂದ ಆಗಬೇಕು, ಅವರ ಮನೆಯಲ್ಲೂ ಅದರ ಒಂದು ಪ್ರತಿ ಇರಬೇಕು. ಕೊರಗರ ಬಗ್ಗೆ ಬರೆದುಕೊಂಡು ಹೋದವರು ಬಹಳ ಮಂದಿ, ಬರೆದದ್ದನ್ನು ಹಿಂತಂದು ಅವರಿಗೆ ತೋರಿಸಿದವರು ಕಡಿಮೆ. ಇದು ನನಗೆ ಬಹಳ ನೋವಿನ ವಿಷಯ.

ಹಕ್ಕುಪತ್ರ

ಕಡಲತಡಿ ಅವರು ಎತ್ತಿದ್ದು ಮುಖ್ಯ ಪ್ರಶ್ನೆ. ನಾನು ವಕೀಲಿ ವೃತ್ತಿಯಲ್ಲಿರುವುದರಿಂದ ಕಾನೂನಿನ ಕಡೆಯಿಂದ ಹೇಳುತ್ತೇನೆ.

2000ದ ವಿನ್ಯಾಸ ಕಾಯ್ದೆಯ ಪ್ರಕಾರ ನೋಂದಣಿಯಾಗಬೇಕಾದರೆ ವಿನ್ಯಾಸ ಹೊಸದಾಗಿರಬೇಕು. ತಲೆಮಾರುಗಳಿಂದ ಹೆಣೆಯುತ್ತಾ ಬಂದ ಮೊರವನ್ನೋ ಚಿಬ್ಬಲನ್ನೋ ಸ್ಕ್ಯಾನ್ ಮಾಡಿ ನನ್ನದೆಂದು ನೋಂದಾಯಿಸಲು ಯಾರಿಗೂ ಬರುವುದಿಲ್ಲ. ಆದರೆ ಬಿದಿರುಮೆಳೆ ಅವರ ಶೇಡ್‌ನಂಥ ಹೊಸ ಆಕಾರಕ್ಕೆ ನೋಂದಣಿ ಸಿಗುತ್ತದೆ. ಮೊದಲು 10 ವರ್ಷ, ಕೋರಿದರೆ ಇನ್ನೂ 5 ವರ್ಷ ರಕ್ಷಣೆ. ಅರ್ಜಿ ಹಾಕುವ ಮುನ್ನವೇ ಚಿತ್ರ ಸಾರ್ವಜನಿಕವಾಗಿ ಪ್ರಕಟವಾದರೆ ಹೊಸತನ ಹೋಗುತ್ತದೆ. ಆದ್ದರಿಂದ ಶೇಡ್‌ನ ಚಿತ್ರವನ್ನು ಇಲ್ಲಿ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅರ್ಜಿಯಲ್ಲಿ ಯಾರ ಹೆಸರು ಎಂಬುದು ಮುಂದಿನ ವಿಷಯ. ಕಂಪ್ಯೂಟರ್ ಮುಂದೆ ಕುಳಿತವರ ಹೆಸರಷ್ಟೇ ಹಾಕಿ, ಹೆಣೆದವರನ್ನು ಕೂಲಿಯವರೆಂದು ಎಣಿಸುವ ಒಪ್ಪಂದಗಳನ್ನು ನಾನು ಕಂಡಿದ್ದೇನೆ. ಆಕಾರ ರೂಪುಗೊಳ್ಳುವಾಗ 'ಇಲ್ಲಿ ಬಗ್ಗುವುದಿಲ್ಲ, ಹೀಗೆ ಮಾಡು' ಎಂದು ತಿದ್ದಿದವರು ಹೆಣೆದವರೇ ಆಗಿದ್ದರೆ ಅವರ ಹೆಸರೂ ಇರಬೇಕು. ಇದನ್ನು ಕೆಲಸ ಆರಂಭಿಸುವ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ, ಒಂದೇ ಮನೆಯವರಾದರೂ ಸರಿ.

ಸಾಲ ಸಹಾಯದ ಬಗ್ಗೆ ಕೇಳುವವರಿಗೆ: 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವುದೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ ಇದೆ.

ಮಲೆನಾಡಿಗ

ಲೇಸರ್, ಪ್ರಿಂಟರ್, ಹಕ್ಕು ಎಲ್ಲ ಸರಿ. ಬಿದಿರು ಎಲ್ಲಿದೆ?

1970ರ ದಶಕದಲ್ಲಿ ಬಿದಿರು ಸಿಗುತ್ತಿಲ್ಲವೆಂದು ನಮ್ಮ ಮೇದಾರರು ಸರ್ಕಾರಕ್ಕೆ ದೂರು ಕೊಟ್ಟ ಮೇಲೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಅಧ್ಯಯನ ನಡೆಸಿದರು. ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕಾಡಿನ ಬಿದಿರು ಹೋಗುತ್ತಿದ್ದ ಕಾಲವಿತ್ತು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಕಡಿದು ಚೊಕ್ಕಟ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಅಧಿಕಾರಿಗಳು ನಂಬಿದ್ದರು. ಮುಳ್ಳು ಹೋದ ಮೇಲೆ ಕಳಲೆ ಮೇಲೇಳುತ್ತಿದ್ದಂತೆ ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತಿದ್ದವು. ಆ ಮುಳ್ಳನ್ನು ಮುಟ್ಟಬಾರದೆಂಬುದು ಊರಿನವರಿಗೆ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. ಹೆಣೆಯುವವರನ್ನು ಕೇಳದೆ ಹೆಣಿಗೆಯ ಯಂತ್ರ ತರಲು ಹೊರಟವರು ಈ ಕಥೆಯನ್ನು ಓದಬೇಕು.

ಈಗಿನ ಮಟ್ಟಿಗೆ: ಕೇಂದ್ರ ಸರ್ಕಾರ 1927ರ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದ ತೆಗೆಯಿತು. ನಮ್ಮಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರತ್ಯೇಕವಾಗಿ ಇರುವುದರಿಂದ, ತೋಟದಲ್ಲಿ ಬೆಳೆದದ್ದನ್ನೂ ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಲಾರಿಗೆ ಹಾಕಿ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರಲ್ಲಿ ಉದ್ಘಾಟನೆಯಾದಾಗ ಅದರ ಬಿದಿರಿನ ಚಾವಣಿಯನ್ನು ಎಲ್ಲರೂ ಹೊಗಳಿದರು. ಅಲ್ಲಿರುವುದು ಕಾರ್ಖಾನೆಯಲ್ಲಿ ಸಂಸ್ಕರಿಸಿದ ಬಿದಿರು. ಅಷ್ಟು ಆಸ್ಥೆ ಮೇದಾರರಿಗೆ ಹಸಿ ಗಳ ಸಿಗುವ ಕಡೆಗೂ ಇರಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಬಿದಿರುಮೆಳೆ

ಎಲ್ಲರಿಗೂ ಧನ್ಯವಾದ. ಒಬ್ಬೊಬ್ಬರಿಗೆ ಉತ್ತರಿಸುತ್ತೇನೆ.

ಹಳೇಕತ್ತಿ ಅಜ್ಜ, ಹೆಣೆದದ್ದನ್ನು ಅಚ್ಚಿನ ಮೇಲೆಯೇ ನೆರಳಿನಲ್ಲಿ ಒಣಗಲು ಬಿಡುತ್ತೇವೆ. ಅಪ್ಪ ಮತ್ತೆ ಸುತ್ತುಗಳನ್ನು ಕೆಳಕ್ಕೆ ಒತ್ತಿ, ಮೇಲೆ ಉಳಿದ ಜಾಗಕ್ಕೆ ಎಳೆ ಸೇರಿಸಿ, ಆಮೇಲೆ ಅಂಚು ಕಟ್ಟುತ್ತಾರೆ. ಬೆಸ ಲೆಕ್ಕದ ನಿಯಮವನ್ನು ನನ್ನ ಲೆಕ್ಕದ ಹಾಳೆಯಲ್ಲಿ ಸೇರಿಸಿದ್ದೇನೆ: ವ್ಯಾಸ, ದಬ್ಬೆಯ ಅಗಲ, ನಡುವಿನ ಸಂದು ಕೊಟ್ಟರೆ ಎಷ್ಟು ದಬ್ಬೆ ಬೇಕೆಂದು ಹೇಳುತ್ತದೆ, ಸಮ ಸಂಖ್ಯೆ ಬಂದರೆ ಒಂದು ಕೂಡಿಸುತ್ತದೆ.

ಬಾಯಿ ಕಿರಿದಾದ ಬುಟ್ಟಿಗೆ ಅಚ್ಚು ಹೇಗೆ ತೆಗೆಯುತ್ತೀರೆಂದು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಹೊಟ್ಟೆ ದೊಡ್ಡದಿದ್ದು ಬಾಯಿ ಚಿಕ್ಕದಾದರೆ ಇಡೀ ಅಚ್ಚು ಒಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಅಚ್ಚನ್ನು ಕಿತ್ತಳೆಯ ತೊಳೆಗಳಂತೆ ಭಾಗ ಮಾಡಿ, ನಟ್ಟನಡುವೆ ಒಂದು ಉದ್ದನೆಯ ತುಂಡು ಇಡಬೇಕು. ಹೆಣಿಗೆ ಮುಗಿದ ಮೇಲೆ ನಡುವಿನ ತುಂಡನ್ನು ಮೊದಲು ಎಳೆದರೆ ಉಳಿದವು ಒಳಕ್ಕೆ ಸಡಿಲಗೊಂಡು ಒಂದೊಂದಾಗಿ ಬಾಯಿಯಿಂದ ಹೊರಬರುತ್ತವೆ. ಪ್ರತಿ ತೊಳೆಯೂ ಬಾಯಿಗಿಂತ ಕಿರಿದಾಗಿರಬೇಕು, ಇದನ್ನು ನಕ್ಷೆಯಲ್ಲೇ ಪರೀಕ್ಷಿಸಿಕೊಳ್ಳಿ. ಇಂಥ ಅಚ್ಚಿಗೆ ತ್ರೀಡಿ ಪ್ರಿಂಟರ್ ಒಳ್ಳೆಯದು. ಪಿಎಲ್ಎ ಪ್ಲಾಸ್ಟಿಕ್ ಬಳಸುವವರು ಅಚ್ಚನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. 60 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ.

ಲೆಕ್ಕದ ಮೇಷ್ಟ್ರೇ, ಐದರ ಕಣ್ಣುಗಳ ಜಾಗ ಹುಡುಕುವ ವಿಚಾರ ನನಗೆ ಬಹಳ ಹಿಡಿಸಿತು. ಮೊದಲು ಪ್ಯಾಕಿಂಗ್ ಪಟ್ಟಿಯಲ್ಲಿ ಹೆಣೆದು ನೋಡಿ, ಆಮೇಲೆ ಬಿದಿರಿಗೆ ಇಳಿಯೋಣ ಎಂದುಕೊಂಡಿದ್ದೇನೆ; ಒಳ್ಳೆಯ ದಬ್ಬೆಯನ್ನು ಪ್ರಯೋಗಕ್ಕೆ ಹಾಳುಮಾಡಲು ಮನಸ್ಸಿಲ್ಲ.

ಹಕ್ಕುಪತ್ರ ಅವರೇ, ಶೇಡ್‌ನ ಚಿತ್ರ ಹಾಕುವುದಿಲ್ಲ. ಅರ್ಜಿಯಲ್ಲಿ ಅಪ್ಪನ ಹೆಸರು ಮೊದಲು, ನನ್ನದು ಅನಂತರ ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಆದರೆ ಚಿಬ್ಬಲಿನಂಥ ಹಳೆಯ ಆಕಾರಗಳ ಅಚ್ಚಿನ ನಕ್ಷೆಯನ್ನು ಎಲ್ಲರಿಗೂ ಕೊಡುತ್ತೇನೆ. ಹೆಣೆಯುವ ಮನೆಗಳು ಉಚಿತವಾಗಿ ಬಳಸಲಿ.

ದೂರದೂರು

ಬಾಗಿದ ಪಟ್ಟಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿಕೊಂಡೆ. ನೇರ ದಬ್ಬೆಯಿಂದ ಕಣ್ಣುಗಳ ಜಾಗ ಲೆಕ್ಕ ಹಾಕುವ ತಂತ್ರಾಂಶ ಬರೆಯಲು ನಾನು ಕೈಜೋಡಿಸುತ್ತೇನೆ. ನನಗೆ ಒಂದು ಮಾಹಿತಿ ಬೇಕು: ನೀವು ಬಳಸುವ ಬಿದಿರಿನಲ್ಲಿ ಗಿಣ್ಣಿನಿಂದ ಗಿಣ್ಣಿಗೆ ಎಷ್ಟು ದೂರ? ಅತಿ ಹೆಚ್ಚು ಬಗ್ಗುವ ಜಾಗದಲ್ಲಿ ಗಿಣ್ಣು ಬಾರದಂತೆ ದಬ್ಬೆಗಳನ್ನು ಹೊಂದಿಸಲು ಕಂಪ್ಯೂಟರ್‌ಗೆ ಹೇಳಬಹುದು.

ಹಳೇಕತ್ತಿ

ಅದು ಗಳದಿಂದ ಗಳಕ್ಕೆ ಬೇರೆ. ಬುಡದಲ್ಲಿ ಗಿಣ್ಣು ಹತ್ತಿರ ಹತ್ತಿರ, ನಡುವೆ ದೂರ, ತುದಿಗೆ ಮತ್ತೆ ಹತ್ತಿರ. ಒಂದೇ ಅಳತೆ ಬರೆದುಕೊಂಡರೆ ಮೋಸ ಹೋಗುತ್ತೀರಿ. ನಮ್ಮ ಕಡೆ ಹೆಣಿಗೆಗೆ ಬಳಸುವ ಗಳಗಳನ್ನು ಬುಡ, ನಡು, ತುದಿ ಎಂದು ಬೇರೆ ಬೇರೆ ಅಳೆದು ಮೊಮ್ಮಗಳ ಕೈಯಲ್ಲಿ ಬರೆಸಿ ಕಳುಹಿಸುತ್ತೇನೆ. ಮೈಸೂರಿನವರೂ ಉಡುಪಿಯವರೂ ನಿಮ್ಮ ನಿಮ್ಮ ಬಿದಿರನ್ನು ಹೀಗೇ ಅಳೆದು ಹಾಕಿ.